ಎಲ್ಲ ಅಂದರೆ ಏನೇನು

ಲೆನರ್ಡ್ ಕ್ರಾಬ್‌ಟ್ರೀ ಯಾರಿಗೂ ಇಲ್ಲ ಅಂದವನಲ್ಲ. ನಮ್ಮ ನದಿ ಇಲಾಖೆಗೆ ಬರುವ ಮಾಹಿತಿ ಹಕ್ಕಿನ ಅರ್ಜಿಗಳೆಲ್ಲ ಅವನ ಮೇಜಿಗೇ ಹೋಗುತ್ತಿದ್ದವು. ಬೇರೆ ಕಚೇರಿಗಳಲ್ಲಿ ಈ ಕೆಲಸ ಮಾಡುವವರು ಜನರಿಂದ ಬೈಸಿಕೊಂಡೂ ಬೈಸಿಕೊಂಡೂ ರಕ್ತದೊತ್ತಡ ತಂದುಕೊಳ್ಳುತ್ತಾರೆ. ಇವನಿಗೆ ಮಾತ್ರ ಕ್ರಿಸ್‌ಮಸ್ಸಿಗೆ ಅರ್ಜಿದಾರರಿಂದ ಶುಭಾಶಯದ ಕಾರ್ಡು ಬರುತ್ತಿತ್ತು. ಅದರ ಗುಟ್ಟನ್ನು ಒಮ್ಮೆ ಚಹಾ ಕುಡಿಯುತ್ತ ಅವನೇ ನನಗೆ ಹೇಳಿಕೊಟ್ಟ.

“ಕೊಡಲ್ಲ ಅನ್ನಬಾರದು ಹಿಲರಿ. ಕೊಡಲ್ಲ ಅಂದ್ರೆ ಮೇಲ್ಮನವಿ ಹಾಕ್ತಾರೆ. ‘ನೀವು ಕೇಳಿದ್ದು ಸರಿಯಾಗಿ ಅರ್ಥ ಆಗ್ಲಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀರಾ’ ಅನ್ಬೇಕು. ಆಗ ತಪ್ಪು ನಮ್ದಲ್ಲ, ಅವ್ರದ್ದು.”

ಅರ್ಜಿಗೆ ಗಡುವಿನೊಳಗೆ ಉತ್ತರ ಕೊಡಬೇಕು ಅನ್ನುತ್ತದೆ ಕಾಯ್ದೆ. ಆದರೆ ನಾವು ಸ್ಪಷ್ಟೀಕರಣ ಕೇಳಿದ ಕೂಡಲೇ ಆ ಗಡುವು ನಿಂತುಬಿಡುತ್ತದೆ. ಅರ್ಜಿದಾರರು ಬಿಡಿಸಿ ಬರೆದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ. ಅವರು ಬರೆಯದೇ ಹೋದರೆ ಕಡತ ಮುಚ್ಚಬಹುದು. ಏನು ಕೇಳಬೇಕೆಂದು ತಿಳಿಯದ ಬಡಪಾಯಿಗಳಿಗೆ ನೆರವಾಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ನಿಯಮ ಅದು. ಕ್ರಾಬ್‌ಟ್ರೀ ಅದನ್ನೇ ಹಿಡಿದು ಎಷ್ಟೋ ಜನರನ್ನು ನಗುನಗುತ್ತ ಸುಸ್ತು ಮಾಡಿ ಮನೆಗೆ ಕಳಿಸಿದ್ದ. ನಾನು ಅದೇ ಕೋಣೆಯ ಕೌಂಟರಿನಲ್ಲಿ ಕೂರುವವಳು. ಬಂದವರಿಗೆ ಕುರ್ಚಿ ತೋರಿಸಿ ಚಹಾ ಮಾಡಿಕೊಡುವುದೂ ನನ್ನ ಕೆಲಸವೇ.

ಮೇವಿಸ್ ಗ್ರೀನ್‌ವುಡ್ ಬಂದದ್ದು ದೊಡ್ಡ ಪ್ರವಾಹ ಕಳೆದ ಮೇಲಿನ ವಸಂತದಲ್ಲಿ. ಯಾರ್ಕ್‌ಶೈರಿನ ನಮ್ಮ ಕಣಿವೆಯಲ್ಲಿ ಅವಳ ಕಥೆ ಗೊತ್ತಿಲ್ಲದವರಿರಲಿಲ್ಲ. ನದಿಯ ತಿರುವಿನಲ್ಲಿ ಪಾಳುಬಿದ್ದ ಉಣ್ಣೆ ಗಿರಣಿಯೊಂದಿದೆ. ಅದರ ಬಾಗಿಲ ಕಾವಲುಗಾರನಿಗೆಂದು ಕಟ್ಟಿದ ಒಂಟಿ ಮನೆಯಲ್ಲಿ ಅವಳೂ ಅವಳ ಗಂಡ ವಿಲ್ಫನೂ ಇದ್ದರು. ಲಕ್ವ ಹೊಡೆದ ಮೇಲೆ ವಿಲ್ಫ್ ಮೆಟ್ಟಿಲು ಹತ್ತಲಾರದೆ ಹೋದ. ಅವನ ಮಂಚವನ್ನು ಕೆಳಗಿನ ಮುಂದಿನ ಕೋಣೆಯಲ್ಲಿ ಹಾಕಿದ್ದರು. ಮೇವಿಸ್ ಮಹಡಿಯಲ್ಲಿ ಮಲಗಿ, ಅವನು ಕೋಲಿನಿಂದ ನೆಲ ಕುಟ್ಟಿದಾಗೆಲ್ಲ ಇಳಿದು ಬರುತ್ತಿದ್ದಳು. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆಯಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅವಳು ಅದನ್ನು ನುಂಗಿದ್ದು ಒಂದೇ ಒಂದು ರಾತ್ರಿ. ಆ ರಾತ್ರಿಯೇ ನದಿ ಏರಿ ಬಂತು. ಬೆಳಗಿನ ಜಾವ ಅಗ್ನಿಶಾಮಕದವರು ದೋಣಿಯಲ್ಲಿ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ವಿಲ್ಫ್ ನೀರಿನ ಕೆಳಗಿದ್ದ.

ಶವಸಂಸ್ಕಾರ ಮುಗಿಸಿ ಎಲ್ಲರೂ ಚರ್ಚಿನ ಹಜಾರದಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿರುವಾಗ ವಿಲ್ಫನ ತಂಗಿ ಎನಿಡ್ ತಟ್ಟೆ ಕೆಳಗಿಟ್ಟು ನಾದಿನಿಯ ಬಾಯಿಗೆ ಬರಬಾರದ ಮಾತು ಆಡಿಬಿಟ್ಟಳು.

“ಸೈರನ್ನು ಇಡೀ ಕಣಿವೆಗೆ ಕೇಳಿಸ್ತು. ನಿನಗೊಬ್ಬಳಿಗೆ ಕೇಳಿಸ್ಲಿಲ್ವಾ ಮೇವಿಸ್? ನಮ್ಮಣ್ಣ ಕೋಲು ಕುಟ್ಟಿರ್ತಾನೆ. ಅದೂ ಕೇಳಿಸ್ಲಿಲ್ವಾ?”

ಅಲ್ಲಿಂದೀಚೆಗೆ ಮೇವಿಸ್‌ಗೆ ಬೇಕಾಗಿದ್ದದ್ದು ಒಂದೇ. ಗಿರಣಿಯ ಮಾಡಿನ ಮೇಲೆ, ಅವಳ ಮನೆಯ ನೆತ್ತಿಗೇ ಇಲಾಖೆಯ ಸೈರನ್ ಇತ್ತು. ಅದು ಆ ರಾತ್ರಿ ಕೂಗಿದ್ದರೆ ಗಂಡನನ್ನು ಕೊಂದದ್ದು ತನ್ನ ಮಾತ್ರೆ. ಕೂಗದೇ ಇದ್ದರೆ ತಪ್ಪು ತನ್ನದಲ್ಲ. ಇಷ್ಟು ತಿಳಿದರೆ ಸಾಕು, ಆಮೇಲೆ ಹೇಗೋ ಬದುಕಿಕೊಂಡೇನು ಎಂದು ಮೊದಲ ದಿನವೇ ನನ್ನ ಕೌಂಟರಿನಲ್ಲಿ ನಿಂತು ಹೇಳಿದ್ದಳು. ಅರ್ಜಿಯನ್ನು ಶಾಲೆಯ ಹುಡುಗಿಯ ಹಾಗೆ ದುಂಡಗೆ ಬರೆದು ತಂದಿದ್ದಳು: ಗಿರಣಿಯ ಮೇಲಿನ ಸೈರನ್ನಿನ ಬಗ್ಗೆ ನಿಮ್ಮಲ್ಲಿ ಏನೇನಿದೆಯೋ ಎಲ್ಲ ಕೊಡಿ.

ಕ್ರಾಬ್‌ಟ್ರೀ ಎದ್ದು ಬಂದು ಅವಳ ಕೋಟನ್ನು ತಾನೇ ತೆಗೆದು ತೂಗುಹಾಕಿದ. ವಿಲ್ಫನ ಬಗ್ಗೆ ವಿಚಾರಿಸಿದ, ಅವನ ಜೊತೆ ತನ್ನಪ್ಪ ಬೌಲ್ಸ್ ಚೆಂಡಾಟ ಆಡುತ್ತಿದ್ದದ್ದನ್ನು ನೆನೆದ. ಆಮೇಲೆ ಕಪಾಟಿನಿಂದ ಒಂದು ಕಡತ ತೆಗೆದು ಕಣ್ಣಾಡಿಸಿ ವಾಪಸಿಟ್ಟು, ಅರ್ಜಿಯನ್ನು ಮುಂದಿಟ್ಟುಕೊಂಡು ಕನ್ನಡಕ ಒರೆಸಿಕೊಂಡ.

“ಎಲ್ಲ ಅಂತ ಬರೆದಿದ್ದೀರಿ ಮಿಸೆಸ್ ಗ್ರೀನ್‌ವುಡ್. ಎಲ್ಲ ಅಂದ್ರೆ ಏನೇನು?”

“ಎಲ್ಲ ಅಂದ್ರೆ... ಎಲ್ಲಾನೂ ಕಣಪ್ಪಾ.”

“ಅದನ್ನ ಕೂರಿಸಿದ್ದು ಯುದ್ಧದ ಕಾಲದಲ್ಲಿ. ಆವತ್ತಿಂದ ಇರೋ ಕಾಗದ ಎಲ್ಲ ತಂದು ನಿಮ್ಮ ಮುಂದೆ ಸುರಿದ್ರೆ, ಪಾಪ, ನೀವು ಏನಂತ ಓದ್ತೀರಿ? ನಿಮಗೆ ಯಾವ ಕಾಲದ್ದು ಬೇಕು, ಅಷ್ಟು ಹೇಳಿ. ಉಳಿದದ್ದು ನನಗೆ ಬಿಡಿ.”

ಅವಳು ನಾಚಿಕೊಂಡಳು. ಇಷ್ಟು ದೊಡ್ಡವರಿಗೆ ಸುಮ್ಮನೆ ತೊಂದರೆ ಕೊಟ್ಟೆನಲ್ಲ ಎಂದು ಕ್ಷಮೆ ಕೇಳಿ ಅರ್ಜಿ ವಾಪಸು ತೆಗೆದುಕೊಂಡು ಹೋದಳು. ಅವಳು ಮತ್ತೆ ಬರುವ ಹೊತ್ತಿಗೆ ಈಸ್ಟರ್ ಕಳೆದಿತ್ತು. ಈ ಸಲ ‘ಆ ರಾತ್ರಿಯದು’ ಎಂದು ಸೇರಿಸಿದ್ದಳು. ಕ್ರಾಬ್‌ಟ್ರೀ ಅವಳನ್ನು ಮೆಚ್ಚಿದ. ಬಹಳ ಚೆನ್ನಾಗಿ ಕಿರಿದು ಮಾಡಿದ್ದೀರಿ, ಆದರೆ ಆ ರಾತ್ರಿಯ ಯಾವ ವಿಷಯ, ಮಳೆಯ ಅಳತೆಯೋ, ನೀರಿನ ಮಟ್ಟವೋ, ಸಿಬ್ಬಂದಿಯ ಪಾಳಿಯೋ ಎಂದು ಕೇಳಿದ. ಅವಳಿಗೆ ತಲೆ ಗಿರ್ರೆಂದಿತು. ಮನೆಗೆ ಹೋಗಿ ಯೋಚಿಸುತ್ತೇನೆ ಅಂದಳು. ಗಡುವು ಮತ್ತೆ ನಿಂತಿತು.

ಮೂರನೇ ಸಲ ಬಂದಾಗ ಮೇವಿಸ್ ಸೊರಗಿ ಕಡ್ಡಿಯಾಗಿದ್ದಳು. ನನಗೆ ಬರೆಯೋಕೆ ಬರಲ್ಲ, ನೀವೇ ಬರೆದುಕೊಳ್ಳಿ ಎಂದು ಕೈಚೆಲ್ಲಿ ಕೂತಳು. ಕ್ರಾಬ್‌ಟ್ರೀ ಕಾಯುತ್ತಿದ್ದದ್ದು ಅದಕ್ಕೇ. ಅವಳ ಕೈ ಮೇಲೆ ಕೈಯಿಟ್ಟು, ನಿಮ್ಮ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ ಅಲ್ಲವೇ, ಸೈರನ್ ಕೂಗಿಸಿದರೋ ಇಲ್ಲವೋ ಅಂತ, ಎಂದ. ಅವಳು ತಲೆಯಾಡಿಸುತ್ತ ಅತ್ತುಬಿಟ್ಟಳು. ಅವನು ತನ್ನ ಪೆನ್ನಿನಿಂದ ತನ್ನ ಅಕ್ಷರದಲ್ಲಿ ಬರೆದ: ಆ ರಾತ್ರಿ ಕಣಿವೆಯ ಸೈರನ್‌ಗಳನ್ನು ಕೂಗಿಸುವಂತೆ ನಿಯಂತ್ರಣ ಕೊಠಡಿಯಿಂದ ಆದೇಶ ಹೋಯಿತೇ, ಹೋಗಿದ್ದರೆ ಎಷ್ಟು ಹೊತ್ತಿಗೆ? ಅವಳು ಕೆಳಗೆ ಸಹಿ ಹಾಕಿದಳು. ಇಷ್ಟು ಒಳ್ಳೆಯವರು ಸರ್ಕಾರದಲ್ಲೂ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದು ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದಳು. ನಾನೂ ಹೌದೆಂದುಕೊಂಡೆ. ಕೊನೆಗಾದರೂ ಮುದುಕಿಗೆ ಒಂದು ಉತ್ತರ ಸಿಗುತ್ತದಲ್ಲ ಎಂದು ಸಮಾಧಾನಪಟ್ಟೆ.

ಉತ್ತರ ಅದೇ ವಾರ ಹೋಯಿತು. ಹೌದು, ಆದೇಶ ಹೋಗಿದೆ, ರಾತ್ರಿ ಒಂದು ಗಂಟೆಯ ಸುಮಾರಿಗೆ, ಕಣಿವೆಯ ಸಕಲ ಸೈರನ್‌ಗಳಿಗೂ, ನದಿ ದಂಡೆ ಮೀರುವುದಕ್ಕೆ ಬಹಳ ಮುಂಚೆಯೇ. ಕೊನೆಯಲ್ಲಿ ಇಲಾಖೆಯ ಸಂತಾಪ.

ಮೇವಿಸ್ ಅದನ್ನು ಓದಿ ತಾನೇ ನಡೆದುಕೊಂಡು ಹೋಗಿ ಎನಿಡ್ ಕೈಗೆ ಕೊಟ್ಟಳಂತೆ. ನೀನು ಹೇಳಿದ್ದೇ ನಿಜ ಅಂದಳಂತೆ. ಎನಿಡ್ ಬಾಗಿಲಲ್ಲೇ ನಿಂತು ಓದಿ, ಕಾಗದ ವಾಪಸು ಕೊಟ್ಟು, ಬಾಗಿಲು ಹಾಕಿಕೊಂಡಳಂತೆ. ಮರುದಿನ ಮೇವಿಸ್ ನಮ್ಮ ಕಚೇರಿಗೆ ಬಂದಳು. ಕ್ರಾಬ್‌ಟ್ರೀಗೆಂದು ಒಂದು ಡಬ್ಬಿ ತುಂಬ ಪಾರ್ಕಿನ್ ತಂದಿದ್ದಳು, ಶುಂಠಿ ಬೆಲ್ಲ ಹಾಕಿ ಬೇಯಿಸಿದ ನಮ್ಮ ಕಡೆಯ ಕೇಕು. ನೀವು ಅಷ್ಟು ತಾಳ್ಮೆಯಿಂದ ಕೇಳಿದಿರಿ, ಈಗ ಅನುಮಾನ ಇಲ್ಲ ಎಂದು ಅವನಿಗೆ ಕೈಮುಗಿಯುವುದೊಂದು ಬಾಕಿ. ಆ ಕೇಕನ್ನು ಅವನು ನಮಗೆಲ್ಲ ಹಂಚಿ ತಾನೂ ತಿಂದ. ನಾನೂ ತಿಂದೆ, ಗೊತ್ತಿಲ್ಲದೆ.

ಗೊತ್ತಾದದ್ದು ಆ ಬೇಸಿಗೆಯಲ್ಲಿ. ಡಂಕನ್ ನಮ್ಮ ಸೈರನ್‌ಗಳ ರಿಪೇರಿ ಮಾಡುವವನು. ಒಂದು ದಿನ ಚಹಾ ಕೋಣೆಯಲ್ಲಿ ಶೂ ಬಿಚ್ಚಿ ಕೂತು, ಗಿರಣಿಯ ಮಾಡು ಕೊನೆಗೂ ಮುಗಿಯಿತು, ಇವತ್ತು ಸೈರನ್ ವಾಪಸು ಏರಿಸಿ ತಂತಿ ಕೊಟ್ಟು ಬಂದೆ, ಬೆನ್ನು ಬಿದ್ದುಹೋಯಿತು ಅಂದ. ವಾಪಸು ಅಂದರೇನು ಎಂದೆ. ಮಾಡಿನ ಹಂಚು ಬದಲಾಯಿಸುವವರು ಪ್ರವಾಹಕ್ಕೆ ಮುಂಚಿನ ಶರತ್ಕಾಲದಲ್ಲೇ ಅದನ್ನು ಇಳಿಸಲು ಕೇಳಿದ್ದರು, ಇಲಾಖೆ ಒಪ್ಪಿತ್ತು, ಮಾಡಿಗೆಲ್ಲ ಪರದೆ ಕಟ್ಟಿದ್ದರಿಂದ ಕೆಳಗಿನವರಿಗೆ ಕಾಣಲೂ ಇಲ್ಲ, ಅಂದಿನಿಂದ ಅದು ನಮ್ಮ ಗೋದಾಮಿನಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು ಎಂದು ಅವನು ಸಲೀಸಾಗಿ ಹೇಳಿದ. ಬೇರೆ ಸೈರನ್‌ಗಳು ಗುಡ್ಡದ ಆಚೆಗಿವೆ. ಅವಳ ಮನೆಗೆ ಕೇಳಿಸುವಂಥದ್ದು ಅದೊಂದೇ.

ನಾನು ನೇರ ಕ್ರಾಬ್‌ಟ್ರೀ ಮೇಜಿಗೆ ಹೋದೆ. ನಿನಗೆ ಗೊತ್ತಿತ್ತಾ ಅಂದೆ. ಅವನು ಸುಳ್ಳು ಹೇಳಲಿಲ್ಲ. ಅದೊಂದು ಅವನ ಹೆಮ್ಮೆ.

“ಮೊದಲ ದಿನವೇ ಗೊತ್ತಿತ್ತು. ಎಲ್ಲ ಕೊಡಿ ಅಂತ ಕೇಳಿದ್ಲಲ್ಲ, ಆಗ ಕಡತ ತೆಗೆದು ನೋಡ್ದೆ. ಇಳಿಸೋಕೆ ಒಪ್ಪಿಗೆ ಕೊಟ್ಟ ಕಾಗದ ಮೇಲೇ ಇತ್ತು.”

“ಅವಳ ಮೊದಲ ಅರ್ಜಿ ಸರಿಯಾಗೇ ಇತ್ತು, ಹಾಗಾದ್ರೆ.”

“ಬಹಳ ಸರಿಯಾಗಿತ್ತು. ಅದಕ್ಕೇ ತಾನೇ ಬಿಡಿಸಿ ಹೇಳಿ ಅಂದಿದ್ದು.” ಅವನು ಪೆನ್ನಿನ ಮುಚ್ಚಳ ಹಾಕಿದ. “ನಾನು ಬರೆದದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ತೋರಿಸು ಹಿಲರಿ. ಆದೇಶ ಎಲ್ಲದಕ್ಕೂ ಹೋಗಿತ್ತು. ಅದು ಎಲ್ಲಿ ಹೋಗಿ ಮುಟ್ತು ಅಂತ ಅವಳು ಕೇಳ್ಲೇ ಇಲ್ಲ.”

ಮೇಲಧಿಕಾರಿಯ ಹತ್ತಿರ ಹೋದೆ. ಉತ್ತರದಲ್ಲಿ ತಪ್ಪಿದೆಯೇ ಎಂದು ಅವರೂ ಅದನ್ನೇ ಕೇಳಿದರು. ಕಡತದ ಕಾಗದ ಕಚೇರಿಯಿಂದ ಹೊರಗೆ ಹೋದರೆ ಯಾರು ಕೊಟ್ಟರೆಂದು ಹುಡುಕಬೇಕಾಗುತ್ತದೆ ಎಂದೂ ಸೇರಿಸಿದರು. ಮರುದಿನ ನೋಡಿದರೆ ಕಡತದ ಕಪಾಟಿಗೆ ಬೀಗ ಬಿದ್ದಿತ್ತು. ಮೇವಿಸ್ ಮನೆಗೆ ಬಂದು ನೀನೇ ಹೇಳು ಎಂದು ಡಂಕನ್‌ನನ್ನು ಕರೆದೆ. ಅವನು, ನಾನು ಮಕ್ಕಳೊಂದಿಗ, ಕೆಲಸ ಹೋದರೆ ಏನು ಮಾಡಲಿ ಅಂದ, ಆಮೇಲೆ ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದ. ನನಗೆ ಮೈ ಉರಿಯಿತು. ಕಾಗದ ಯಾರಿಗೆ ಬೇಕು, ಆ ಸೈರನ್ನೇ ಸಾಕ್ಷಿ ಹೇಳಲಿ ಎಂದು ನಿರ್ಧರಿಸಿದೆ. ಸೆಪ್ಟೆಂಬರಿನಲ್ಲಿ ವರ್ಷಕ್ಕೊಮ್ಮೆ ಒಂದು ಬೆಳಿಗ್ಗೆ ಕಣಿವೆಯ ಸೈರನ್‌ಗಳನ್ನೆಲ್ಲ ಕೂಗಿಸಿ ಪರೀಕ್ಷೆ ಮಾಡುತ್ತಾರೆ. ಗಿರಣಿಯ ಸೈರನ್ ಕೂಗಿದರೆ ಆ ಮನೆಯ ಪಾತ್ರೆಪಗಡಗಳೇ ಅದುರುತ್ತವೆ. ಅದನ್ನು ಈಗ ಮತ್ತೊಂದು ಸಲ ಕೇಳಿದರೆ ಯಾವ ಮಾತ್ರೆ ನುಂಗಿದರೂ ಅದರ ಕೆಳಗೆ ಮಲಗಿರಲು ಆಗದು ಎಂದು ಮೇವಿಸ್‌ಗೆ ತಾನಾಗಿಯೇ ಹೊಳೆಯುತ್ತದೆ ಅನ್ನಿಸಿತು. ಆ ಬೆಳಿಗ್ಗೆ ರಜೆ ಹಾಕಿ ಅವಳ ಮನೆಗೆ ಹೋದೆ.

ಮಹಡಿಯನ್ನು ಅವಳು ಮುಚ್ಚಿಬಿಟ್ಟಿದ್ದಳು. ಕೆಳಗಿನ ಕೋಣೆಯಲ್ಲಿ, ನೀರಿನ ಕಲೆ ಎದೆಯೆತ್ತರಕ್ಕೆ ಉಳಿದ ಗೋಡೆಗೆ ತಾಗಿ ವಿಲ್ಫನ ಮಂಚ. ಈಗ ಮಲಗುವುದು ಅದರ ಮೇಲೆಯೇ, ಕಿಟಕಿ ಸದಾ ತೆರೆದಿಟ್ಟು. ರಾತ್ರಿ ನಿದ್ದೆ ಬರುತ್ತದೆಯೇ ಅಂದೆ. ಮಾಡುವುದಿಲ್ಲ ಅಂದಳು. ಬರುವುದಿಲ್ಲ ಅನ್ನಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಸೈರನ್ ಇಳಿಸಿದ್ದು, ಗೋದಾಮು, ಟಾರ್ಪಾಲು, ಕ್ರಾಬ್‌ಟ್ರೀ ಮೊದಲೇ ತಿಳಿದೂ ಅವಳ ಪ್ರಶ್ನೆಯನ್ನು ಸವೆಸಿ ಸವೆಸಿ ಕೈಗಿತ್ತದ್ದು. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ ನನ್ನ ಕೆನ್ನೆ ಮುಟ್ಟಿದಳು.

“ನೀನು ಒಳ್ಳೇ ಹುಡುಗಿ ಕಣೇ. ಪಾದ್ರಿಗಳೂ ಹೀಗೇ ಏನೋ ಒಂದು ಹೇಳಿ ಹೋದ್ರು. ಎಲ್ರಿಗೂ ನನ್ನ ಮೇಲೆ ಕನಿಕರ.”

“ಕನಿಕರ ಅಲ್ಲ ಮೇವಿಸಮ್ಮ. ನಿಜ.”

“ನಿಜ ಆಗಿದ್ರೆ ಕ್ರಾಬ್‌ಟ್ರೀ ಅವ್ರು ಬರೀತಿದ್ರು. ಒಂದೊಂದು ಮಾತನ್ನೂ ಎಷ್ಟು ಸಲ ಕೇಳಿದ್ರು ನನ್ನ. ಅಷ್ಟು ಕೇಳೋ ಮನುಷ್ಯ ಒಂದು ಮಾತು ಬಿಟ್ಟಾರಾ?”

ಮತ್ತೊಂದು ಅರ್ಜಿ ಹಾಕೋಣ, ನಾನೇ ಬರೆದುಕೊಡುತ್ತೇನೆ, ಮೊದಲು ಬರೆದಿರಲ್ಲ, ಅದನ್ನೇ, ಎಲ್ಲ ಕೊಡಿ ಅಂತ, ಎಂದು ನಾನು ಗೋಗರೆದೆ. ಅವಳು ಬೇಡ ಬೇಡ ಎಂದು ಕೈಯಾಡಿಸಿದಳು. ಕೇಳಿ ಕೇಳಿ ಸಾಕಾಗಿದೆ ಅಂದಳು. ಅಷ್ಟು ಹೊತ್ತಿಗೆ ಮಾಡಿನ ಮೇಲೆ ಸೈರನ್ ಶುರುವಾಯಿತು.

ಮೊದಲು ನೆಲದೊಳಗಿನಿಂದ ಬಂದ ಹಾಗೆ ಒಂದು ಗುರುಗುಟ್ಟುವಿಕೆ. ಆಮೇಲೆ ಏರುತ್ತ ಏರುತ್ತ ಕಿವಿ, ಹಲ್ಲು, ಎದೆಗೂಡು ಎಲ್ಲ ಅದರದೇ ಆಯಿತು. ಕಪಾಟಿನಲ್ಲಿ ಬಸಿಗಳು ಒಂದಕ್ಕೊಂದು ತಾಗಿ ಗಲಗಲ ಅಂದವು. ಚಹಾ ಕಪ್ಪು ಮೇಜಿನ ಮೇಲೆ ತಾನೇ ಜರುಗಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಮೇವಿಸ್ ಮುಚ್ಚಿಕೊಳ್ಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಬಾಯಿ ತೆರೆದು ಮೇಲೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಬದಲಾದದ್ದನ್ನು ಕಂಡು, ಹೊಳೆಯಿತು, ಅಂತೂ ಹೊಳೆಯಿತು ಎಂದು ನನ್ನ ಜೀವ ಹಗುರಾಯಿತು. ಸದ್ದು ಇಳಿದು ನಿಂತಿತು.

“ನೋಡಿದ್ರಾ,” ಅಂದೆ. “ಇದರ ಕೆಳಗೆ ಯಾರಿಗಾದ್ರೂ ಮಲಗಿರೋಕಾಗುತ್ತಾ?”

ಅವಳು ನಿಧಾನಕ್ಕೆ ತಲೆ ಕೆಳಗೆ ಮಾಡಿದಳು. ಹಾಸಿಗೆಯ ಮೇಲೆ ವಿಲ್ಫ್ ಮಲಗುತ್ತಿದ್ದ ಜಾಗವನ್ನು ಅಂಗೈಯಿಂದ ಸವರಿದಳು.

“ಆವತ್ತು ಇಷ್ಟು ಜೋರಾಗಿ ಕೂಗಿದೆಯಲ್ಲೇ,” ಅಂದಳು. “ನಾನು ಮಲಗೇ ಇದ್ದೆ.”