ಮಹಾಂತಮ್ಮ ಹಾಕಿದ ಗಂಟು

ಸೋವಿಯತ್ ಒಕ್ಕೂಟ ಇನ್ನಿಲ್ಲ ಎಂದು ರೇಡಿಯೋ ಹೇಳಿದಾಗ ಪರಮೇಶ್ ವಿನೋಬನಗರದಲ್ಲಿ ಪ್ರೊಫೆಸರ್ ಶಿವಶಂಕರಪ್ಪನವರ ಹೊಸ ಗೋಡೆಗೆ ನೀರು ಹಾಕುತ್ತಿದ್ದ. ಕೈಯಲ್ಲಿದ್ದ ಪೈಪಿನ ನೀರು ಸುಮ್ಮನೆ ಅಂಗಳಕ್ಕೆ ಹರಿಯಿತು.

ಆ ದೇಶ ಮಾಡಿಕೊಂಡ ಒಪ್ಪಂದಗಳಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಎಷ್ಟು ಬೆಲೆ ಎಂದು ಆರು ವರ್ಷ ಕೂತು ನಾನೂರು ಪುಟ ಬರೆದವನು ಅವನು. ಡಾಕ್ಟರೇಟಿಗೆ ಬಾಕಿಯಿದ್ದದ್ದು ಗೈಡ್ ಶಿವಶಂಕರಪ್ಪನವರ ಒಂದು ಸಹಿ. ಅದು ಸಿಕ್ಕರೆ ಕಾಲೇಜಿನಲ್ಲಿ ಖಾಯಂ ಕೆಲಸ, ಇಲ್ಲದಿದ್ದರೆ ಇದೇ ಅರೆಕಾಲಿಕ ಪಾಠ.

ಪ್ರಬಂಧ ಅವರ ಕೈಸೇರಿ ಇಪ್ಪತ್ತೆರಡು ತಿಂಗಳಾಗಿತ್ತು. ಕೇಳಿದಾಗೆಲ್ಲ, "ಓದ್ತಾ ಇದೀನಿ ಕಣಯ್ಯ, ಮೂರನೇ ಅಧ್ಯಾಯ ಸ್ವಲ್ಪ ಸಡಿಲ" ಎನ್ನುತ್ತಿದ್ದರು. ಪರಮೇಶ್ ತನ್ನ ಕಾರ್ಬನ್ ಪ್ರತಿಯಲ್ಲಿ ಆ ಅಧ್ಯಾಯವನ್ನು ನಾಲ್ಕು ಸಲ ತಿದ್ದಿದ್ದ. ಭಾನುವಾರ ಅವರ ಗ್ಯಾಸ್ ಸಿಲಿಂಡರನ್ನೂ ಸೈಕಲ್ಲಿಗೆ ಕಟ್ಟಿ ತರುತ್ತಿದ್ದ.

ಅವತ್ತು ಪ್ರೊಫೆಸರೇ ಪ್ರಬಂಧವಿದ್ದ ಕೈಚೀಲವನ್ನು ಹೊರಗೆ ತಂದುಕೊಟ್ಟರು. "ನಾನು ತಡ ಮಾಡಿದ್ದೇ ಒಳ್ಳೇದಾಯ್ತು ನೋಡು! ಇಲ್ದಿದ್ರೆ ನೀನು ಇಲ್ಲದ ದೇಶಕ್ಕೆ ಡಾಕ್ಟರ್ ಆಗಿರ್ತಿದ್ದೆ. ಎಲ್ಲಾ ಕಡೆ 'ಹಿಂದಿನ' ಅಂತ ಸೇರ್ಸಿ ಮತ್ತೆ ಟೈಪ್ ಮಾಡ್ಸು."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಹೋದ. ಪ್ರಬಂಧ ಟೈಪ್ ಮಾಡಿಕೊಟ್ಟಿದ್ದ ಮಹಾಂತಮ್ಮ ಯಂತ್ರದಿಂದ ತಲೆಯೆತ್ತಿದರು.

"ಬಾರಪ್ಪ ಡಾಕ್ಟ್ರೇ. ನಿನ್ ದೇಶ ಹೋಯ್ತಂತಲ್ಲ? ಸೂತಕದ ಮನೆಯೋನ್ ಥರ ನಿಂತ್ಕೋಬೇಡ, ಕೂತ್ಕೋ."

ಚೀಲದಿಂದ ಕಟ್ಟನ್ನು ತೆಗೆದವರು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಪರಮೇಶಾ, ಇದು ನಾನ್ ಹಾಕಿದ್ ಗಂಟು."

"ಹೌದಮ್ಮ, ನೀವೇ ಅಲ್ವಾ ಕಟ್ಟಿಕೊಟ್ಟಿದ್ದು."

"ಅಯ್ಯೋ ಮಾರಾಯ, ಅದಲ್ಲ! ದಾರೀಲಿ ಬಿಚ್ಚದಿರ್ಲಿ ಅಂತ ಗಂಟಿನ ಮೇಲೆ ಅರಗು ಹಾಕಿದ್ನಲ್ಲ. ಅರಗು ಹಂಗೇ ಇದೆ ನೋಡು. ಒಂದು ಬಿರುಕೂ ಬಿಟ್ಟಿಲ್ಲ."

ಪರಮೇಶ್ ನೋಡಿದ. ಕೆಂಪು ಅರಗು, ಅದರ ಮೇಲೆ ಮಹಾಂತಮ್ಮನ ಹೆಬ್ಬೆರಳಿನ ಗುರುತು.

"ಮೂರನೇ ಅಧ್ಯಾಯ ಸಡಿಲ ಅಂದಿದ್ರು," ಎಂದ.

"ಹೋಗಿ ಕೇಳು. ಇದನ್ನೇ ಮುಖಕ್ಕೆ ಹಿಡಿ."

"ಸಹಿ ಯಾರಮ್ಮ ಹಾಕೋದು?"

ಮಹಾಂತಮ್ಮ ಅರಗನ್ನು ಚಿವುಟಿ ಮುರಿದು, ಯಂತ್ರಕ್ಕೆ ಹೊಸ ಹಾಳೆ ಸಿಕ್ಕಿಸಿದರು.

ಮುಂದಿನ ಭಾನುವಾರ ವಿನೋಬನಗರದ ಗೇಟಿನಲ್ಲಿ ಸೈಕಲ್ ನಿಂತಾಗ ಪ್ರೊಫೆಸರ್ ಪೇಪರಿನಿಂದ ಕಣ್ಣು ತೆಗೆಯದೆ ಕೇಳಿದರು: "ಏನಯ್ಯ, ಆ ಮೂರನೇ ಅಧ್ಯಾಯ?"

"ಗಟ್ಟಿ ಮಾಡಿದೀನಿ ಸಾರ್," ಎಂದು ಪರಮೇಶ್ ಸಿಲಿಂಡರನ್ನು ಹೆಗಲಿಗೇರಿಸಿದ. "ನೀವು ಹೇಳಿದ್ ಹಾಗೇ."