ಪಟದ ಮೇಲೆ ನಿಂತ ಬೆರಳು

ಕಾರ್ತಿಕದ ಇಳಿಬಿಸಿಲು ಮೇದಿನೀಪುರದ ಗದ್ದೆಗಳ ಮೇಲೆ ಸುವರ್ಣರೇಣುವಿನಂತೆ ಉದುರುತ್ತಿತ್ತು... ತೆನೆಭಾರಕ್ಕೆ ಬಾಗಿದ ಭತ್ತ, ಗಾಳಿ ಸುಳಿದಾಗಲೆಲ್ಲ ಸಾವಿರ ನೂಪುರಗಳಂತೆ ಮರ್ಮರಿಸುತ್ತಿತ್ತು. ಸಹೃದಯರೇ, ಮೂರೇ ವರ್ಷದ ಹಿಂದೆ ಇದೇ ನೆಲದಲ್ಲಿ ಜನ ಅನ್ನ ಬೇಡುವುದನ್ನೂ ಮರೆತು, ಅನ್ನ ಬಸಿದ ಗಂಜಿಯನ್ನಷ್ಟೇ ಬೇಡುತ್ತಿದ್ದರೆಂದರೆ ಆ ಭತ್ತವೇ ನಂಬುತ್ತಿರಲಿಲ್ಲ!

ಪಟುವಾ ನಿಬಾರಣ ಆ ಕ್ಷಾಮವನ್ನು ಆರು ಚಿತ್ರಗಳ ಉದ್ದನೆಯ ಪಟದಲ್ಲಿ ಬರೆದಿದ್ದ. ಪಟ ಬಿಚ್ಚುತ್ತ, ಚಿತ್ರದಿಂದ ಚಿತ್ರಕ್ಕೆ ಬೆರಳು ಸರಿಸುತ್ತ ಹಾಡುವುದು ಅವನ ಕುಲವೃತ್ತಿ. ಬೆರಳು ಸರಿಯದೆ ಹಾಡು ಮುಂದೆ ಹೋಗಬಾರದು. ಹಾಡು ಅರ್ಧಕ್ಕೆ ನಿಂತರೆ ಚಿತ್ರದಲ್ಲಿರುವವರು ಕೊನೆಯ ಚಿತ್ರವಾದ ಯಮಸಭೆ ತಲುಪದೆ ಅಲ್ಲೇ ಉಳಿದುಬಿಡುತ್ತಾರೆ. ಹಾಗೆಂದು ಅವನ ಅಜ್ಜ ಹೇಳಿದ್ದ. ಅಜ್ಜ ಸುಳ್ಳು ಹೇಳುತ್ತಿದ್ದುದು ತಾನು ಹಿಡಿದ ಮೀನಿನ ಗಾತ್ರದ ವಿಷಯದಲ್ಲಿ ಮಾತ್ರ.

ಐದನೆಯ ಚಿತ್ರದಲ್ಲಿ, ಮುಚ್ಚಿದ ಬಾಗಿಲೆದುರು ಮಣ್ಣಿನ ಬಟ್ಟಲು ಹಿಡಿದು ನಿಂತವಳು ಆ ವರ್ಷ ತೀರಿಕೊಂಡ ಅವನದೇ ಮಗಳು, ಪುಂಟಿ.

"ಯಮನ ಮೀಸೆಗೆ ಮೂರು ದಿನ ತಗೊಂಡ್ರಿ. ಮಗಳ ಕಣ್ಣಿಗೆ ಒಂದು ಗಳಿಗೆ ಸಾಕಾಯ್ತೇನ್ರೀ?" ಎಂದಿದ್ದಳು ಹೆಂಡತಿ ಭಾನುಮತಿ.

"ಯಮನ್ನ ನಾನು ನೋಡಿಲ್ವಲ್ಲೇ. ಅವಳನ್ನ..."

"ನೋಡಿ, ಹೇಳಕ್ಕೇ ಆಗ್ತಿಲ್ಲ, ಇನ್ನು ಹಾಡ್ತೀರಾ? ನೀವು ನಡುವೆ ನಿಂತ್ರೆ ಮಗು ಆ ಬಾಗ್ಲಲ್ಲೇ ಹಸ್ಕೊಂಡು ನಿಂತಿರುತ್ತೆ."

"ನೀನೊಬ್ಳು! ಇಪ್ಪತ್ತು ವರ್ಷದಿಂದ ಹಾಡ್ತಿದೀನಿ."

ಆಲದ ಮರದಡಿ ಇಡೀ ಹಳ್ಳಿ ನೆರೆಯಿತು. ನಾಲ್ಕು ಚಿತ್ರಗಳು ನದಿಯಂತೆ ಹರಿದವು. ಐದನೆಯದರಲ್ಲಿ, "ಬಟ್ಟಲು ಚಿಕ್ಕದು ತಾಯೇ, ಹಸಿವೂ ಚಿಕ್ಕದೇ..." ಎಂಬಲ್ಲಿಗೆ ನಿಬಾರಣನ ಕಂಠ ಬತ್ತಿತು. ಬೆರಳು ಪುಂಟಿಯ ಕೆನ್ನೆಯ ಮೇಲೆ ನಿಂತೇಬಿಟ್ಟಿತು!

ಹಿಂದಿನಿಂದ ಭಾನುಮತಿ ಅದೇ ಸಾಲನ್ನು ಎತ್ತಿಕೊಂಡಳು. ಬೆರಳು ಕದಲಲಿಲ್ಲ. ಮತ್ತೆ ಅದೇ ಸಾಲು. ಮತ್ತೆ... ಏಳನೆಯ ಸಲಕ್ಕೆ, ಮಳೆ ಸುರಿಸಿದ ಮೋಡ ನೋಡುನೋಡುತ್ತಲೇ ಬಿಳಿಯಾಗುವಂತೆ, ಆ ಸಾಲು ತಾನಾಗಿ ಜೋಗುಳವಾಯಿತು. ಹೆಂಗಸರೆಲ್ಲ ದನಿಗೂಡಿಸಿದರು, ಮರದ ಕಾಗೆಗಳೂ ಬಾಯಿಮುಚ್ಚಿದವು.

"ಅವಸರ ಇಲ್ಲ ಕಣ್ರೀ," ಎಂದಳು ಭಾನುಮತಿ ಉಸಿರೆಳೆದುಕೊಳ್ಳುವ ನಡುವೆ, ಅವನಿಗೆ ಮಾತ್ರ ಕೇಳುವಂತೆ. "ನೀವು ಹೊರಟಾಗ ನಾನೂ ಹೊರಡ್ತೀನಿ."

ಎಷ್ಟು ಸಲ ಹಾಡಿದಳೋ! ಕಡೆಗೆ ಆ ಬೆರಳು, ನಿದ್ದೆಹೋದ ಮಗುವಿನ ಮಗ್ಗುಲಿಂದ ಏಳುವ ತಂದೆಯಂತೆ, ಮೆಲ್ಲಮೆಲ್ಲನೆ ಕೆಳಗಿಳಿದು ಯಮಸಭೆಯನ್ನು ಮುಟ್ಟಿತು. ಅಂದು ಕಂಡವರು ಇಂದಿಗೂ ಆಣೆಯಿಟ್ಟು ಹೇಳುತ್ತಾರೆ: ಕುಳಿತಂತೆ ಬರೆದಿದ್ದ ಯಮ, ಪುಂಟಿ ಬರುವಾಗ ಎದ್ದು ನಿಂತಿದ್ದನಂತೆ!

ಪ್ರೀತಿಯ ಮಹಿಮೆ ಏನೆಂದು ಕೇಳುವಿರಾ? ದುಃಖ ನಿಂತ ಕಡೆ ತಾನೂ ನಿಲ್ಲುವಷ್ಟು ಬಿಡುವು ಅದಕ್ಕಿರುತ್ತದೆ... ಕಾಲಪುರುಷನಿಗೂ ಇಲ್ಲದಷ್ಟು ಬಿಡುವು!