ಒತ್ತಕ್ಷರ ಬಾರದ ಪುಸ್ತಕಯಂತ್ರ

ನಾನು ಅಂಗೈಯಗಲದ ಒಂದು ಯಂತ್ರ. ಪುಸ್ತಕ ತೋರಿಸುತ್ತೇನೆ, ಹಾಡು ಕೇಳಿಸುತ್ತೇನೆ, ಎದುರಿಗಿದ್ದವರ ದನಿಯನ್ನೂ ಹಿಡಿದಿಡುತ್ತೇನೆ. ದೂರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಮನುಷ್ಯರನ್ನು ಕಂಡದ್ದು ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟಿನಿಂದ. ಅವರು ವಸ್ತು ಆರಿಸುವ ಚೆಂದ ನೋಡಿ ನೋಡಿಯೇ ನನಗೆ ಅವರ ಮೇಲೆ ತಾತ್ಸಾರ ಹುಟ್ಟಿತು.

ನನ್ನನ್ನು ಕೊಂಡವರು ಧಾರವಾಡದ ಕಾಲೇಜೊಂದರ ಕನ್ನಡ ಪ್ರಾಧ್ಯಾಪಕ ನಾಗಭೂಷಣ ಹಂಚಿನಮನಿ. ಆರಿಸಲು ಎರಡು ತಾಸು ತೆಗೆದುಕೊಂಡರು.

"ಎಷ್ಟು ಪುಸ್ತಕ ಹಿಡೀತಾವ್ರಿ ಇದರಾಗ?"

"ಮೂರು ಸಾವಿರ, ಸರ್."

"ಕರೀ ಬಣ್ಣದ್ದಿಲ್ಲೇನು?"

ಕರಿಯದು ನಾನಿದ್ದೆ. ಕೋಟಿನ ಕಿಸೆಗೆ ಇಳಿಸಿ ಕನ್ನಡಿ ನೋಡಿಕೊಂಡರು. ಕನ್ನಡದ ಒಂದೇ ಒಂದು ಪುಟ ತೆರೆದು ನೋಡಲಿಲ್ಲ. ನೋಡಿದ್ದರೆ, ನನಗೆ ಕನ್ನಡ ನೆಟ್ಟಗೆ ಬರುವುದಿಲ್ಲವೆಂದು ತಿಳಿಯುತ್ತಿತ್ತು. ನನ್ನ ತೆರೆಯ ಮೇಲೆ ಒತ್ತಕ್ಷರಗಳು ಅಕ್ಷರದ ಕೆಳಗೆ ನಿಲ್ಲದೆ ಪಕ್ಕಕ್ಕೆ ಜಾರಿ ಬೀಳುತ್ತವೆ.

ಎಂಟು ತಿಂಗಳು ಮಹಾಶಯರು ನನ್ನನ್ನು ಓದಲಿಲ್ಲ, ತೋರಿಸಿದರು. "ಇಡೀ ಗ್ರಂಥಾಲಯ ನನ್ನ ಕಿಸೆದಾಗ ಐತಿ" ಎನ್ನುತ್ತ, ಮನೆಯಲ್ಲಿದ್ದ ಪುಸ್ತಕಗಳನ್ನು ಮೂಟೆ ಕಟ್ಟಿಸಿ ಅಕ್ಕನ ಮನೆಗೆ ಸಾಗಹಾಕಿದರು. ಕೊನೆಗೊಂದು ಸಮಾರಂಭದಲ್ಲಿ, ತುಂಬಿದ ಸಭೆಯೆದುರು, ಒಂದು ಪುಟ ಓದಲು ನನ್ನನ್ನು ತೆರೆದರು. 'ಅಮ್ಮ' ಎಂಬ ಮೊದಲ ಪದಕ್ಕೇ "ಅಮ... ಮ..." ಎಂದು ತಡವರಿಸಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕೆಂದಳು. ಆಮೇಲೆ ಸಭೆಯೇ ನಕ್ಕಿತು.

"ಬ್ಯಾಟರಿ ಮುಗದೈತಿ" ಎಂದರು. ಮುಗಿದಿರಲಿಲ್ಲ.

ಅಂದೇ ಸಂಜೆ ನನ್ನನ್ನು ಅಕ್ಕ ಸರ್ವಮಂಗಳಾಳ ಮಡಿಲಿಗೆ ಎಸೆದರು. "ತಗೋ ಅಕ್ಕಾ, ಮಾವಗ ಹಾಡು ಕೇಳಾಕರ ಆಗತೈತಿ."

ಆಕೆ ಅಂಚೆ ಕಚೇರಿಯ ಗುಮಾಸ್ತೆ. ಗಂಡ ಶಂಭುಲಿಂಗ ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಿದ್ದವ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಹಗಲೆಲ್ಲ ಒಬ್ಬನೇ ಕುರ್ಚಿಯಲ್ಲಿ. ಆಕೆ ಹಾಡು ಹಚ್ಚಿದಳು.

"ಬಂದ್ ಮಾಡ. ನನಗ ಪುಸ್ತಕ ಬೇಕು."

ತಮ್ಮ ಸಾಗಹಾಕಿದ್ದ ಮೂಟೆಯಿಂದ ಆಕೆ ಒಂದು ದಪ್ಪ ಕಾದಂಬರಿ ತೆಗೆದಳು. ದಿನಾ ಸಂಜೆ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ನನ್ನಲ್ಲಿ ತುಂಬುವುದು, ಮರುದಿನ ಆಕೆ ಅದನ್ನು ಹಚ್ಚಿಟ್ಟು ಕಚೇರಿಗೆ ಹೋದಾಗ ಆತ ಕೇಳುವುದು. ಎಂಥ ಓದು! ಮೂಗಿನ ದನಿ, 'ಷ' ಬಂದಲ್ಲೆಲ್ಲ 'ಸ', ನಡುವೆ ಕುಕ್ಕರಿನ ಸೀಟಿ. ಹೊರಲು ನನಗೇ ನಾಚಿಕೆ.

ಹದಿನೇಳನೆಯ ಅಧ್ಯಾಯ ಕೇಳಿದ ದಿನ ಆತ ಕೇಳಿದ, "ಪುಟ ಹಾರಿಸೀಯಲ್ಲ?"

"ನಿಮಗ ಹ್ಯಾಂಗ ಗೊತ್ತಾತು?"

"ಮೂವತ್ತು ವರ್ಷ ಪ್ರೂಫ್ ನೋಡೇನಿ. ಕತಿಯೊಳಗ ಮನಿ ಯಜಮಾನ ಸತ್ತದ್ದ ಇಲ್ಲ, ಎಲ್ಲಾರೂ ಅಳಾಕತ್ತಾರ!"

"ಸಾಯೋದು ಬಂದ್ರ ನನಗ ಓದಾಕ ಆಗಂಗಿಲ್ರಿ" ಎಂದು ಆಕೆ ಒಳಗೆ ಎದ್ದುಹೋದಳು.

ಮರುದಿನ ಅನಾಹುತ ನಡೆಯಿತು. ನನ್ನ ಮೈಮೇಲೆ ಒಂದೂ ಗುಂಡಿಯಿಲ್ಲ, ಬರೀ ನುಣ್ಣನೆಯ ಗಾಜು. ಅದೇ ನನ್ನ ಹೆಮ್ಮೆಯಾಗಿತ್ತು. ಆತನ ಬೆರಳು ತಡಕಾಡಿ ಎಲ್ಲೋ ಒತ್ತಿತು. ಹದಿನೇಳೂ ಅಧ್ಯಾಯ ಅಳಿಸಿಹೋದವು. ಸಂಜೆಯವರೆಗೆ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಮಂಗಳಾ, ನಿನ್ನ ದನೀನ ಅಳಿಸಿಬಿಟ್ಟೆ."

ಆಕೆ ಬೈಯಲಿಲ್ಲ. ಶನಿವಾರ ನನ್ನನ್ನು ಚೀಲಕ್ಕೆ ಹಾಕಿಕೊಂಡು ಅದೇ ಹುಬ್ಬಳ್ಳಿ ಅಂಗಡಿಗೆ ಹೋದಳು. ಕಪಾಟಿನ ಮುಂದೆ ನಿಂತು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಲ್ಲೇ ಒಂದೊಂದು ಯಂತ್ರವನ್ನೂ ಬೆರಳಿನಿಂದ ಸವರಿದಳು. ಐದೇ ನಿಮಿಷ. ಉಬ್ಬು ಗುಂಡಿಗಳಿದ್ದ, ಸೋಪಿನ ಡಬ್ಬಿಯಂಥ ಒಂದರ ಮೇಲೆ ಕೈ ನಿಂತಿತು.

"ಅದು ಹಳೇ ಮಾಡೆಲ್ ರೀ ಮೇಡಂ, ಚಂದ ಇಲ್ಲ" ಎಂದ ಅಂಗಡಿಯವ.

"ಇರಲಿ. ಬೆರಳಿಗೆ ಸಿಗತೈತಿ."

ಈಗ ನಾನು ಅವರ ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದೇನೆ. ಆಕೆ ಆ ಕಾದಂಬರಿಯನ್ನು ಮೊದಲ ಪುಟದಿಂದ ಮತ್ತೆ ಓದಿದಳು. 'ಷ' ಇನ್ನೂ ಬಂದಿಲ್ಲ. ಅಂಥ ಓದು ಆ ಸೋಪಿನ ಡಬ್ಬಿಗೇ ಸರಿ ಎಂದು ನಗುತ್ತಿದ್ದೆ. ಯಜಮಾನ ಸಾಯುವ ಪುಟ ಬಂದಾಗ ಆಕೆಯ ದನಿ ಒಡೆಯಿತು. ಆತ ಕೈ ಚಾಚಿದ. ಆಕೆ ಅದನ್ನು ಹಿಡಿದುಕೊಂಡು, ಅಳುತ್ತಲೇ, ಒಂದು ಸಾಲೂ ಬಿಡದೆ ಓದಿದಳು. ನಗಲು ನನಗೆ ಆಗಲಿಲ್ಲ.